ಆಡು ಮುಟ್ಟದ ಗಿಡ ಮತ್ತು ಪಾತರಗಿತ್ತಿ: ಅಳಿದ ಚಿಟ್ಟೆಗಳನ್ನು ಮರಳಿ ನೆಲೆಗೊಳಿಸುವ ಕಾರ್ಯ ಹಾಗೂ ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಜನಪದ ತಿಳಿವಳಿಕೆ

‘ಆಡು ಮುಟ್ಟದ ಸೊಪ್ಪಿಲ್ಲ’ ಎಂಬ ಗಾದೆ ಕನ್ನಡ ನಾಡಿನ ಉದ್ದಗಲಕ್ಕೂ ಬಳಕೆಯಲ್ಲಿದೆ. ಎಲ್ಲ ವಿಷಯಗಳಲ್ಲೂ ಕೈಯಾಡಿಸಿದವರನ್ನು ಹೊಗಳುವಾಗಲೂ ಹಾಸ್ಯ ಮಾಡುವಾಗಲೂ ಇದನ್ನು ಹೇಳುವುದುಂಟು. ಆದರೆ ಈ ಗಾದೆಯನ್ನು ಕಟ್ಟಿದ ಜನರೇ ಇದಕ್ಕೆ ಒಂದು ಅಪವಾದವನ್ನೂ ಗುರುತಿಸಿ, ಅದನ್ನು ಒಂದು ಗಿಡದ ಹೆಸರಿನಲ್ಲಿ ಕಾಪಿಟ್ಟಿದ್ದಾರೆ. ‘ಆಡುಮುಟ್ಟದ ಗಿಡ’ ಎಂಬ ಆ ಸಸ್ಯವು ಈಶ್ವರಿ ಬಳ್ಳಿಯ ಕುಲಕ್ಕೆ ಸೇರಿದ್ದು. ಎರೆಭೂಮಿಯ ಬದುಗಳಲ್ಲಿ ನೆಲಕ್ಕೆ ಹರಡಿಕೊಂಡು ಬೆಳೆಯುತ್ತದೆ. ಸಸ್ಯಶಾಸ್ತ್ರಜ್ಞರು ಇದನ್ನು ಅರಿಸ್ಟೊಲೋಕಿಯ ಬ್ರಾಕ್ಟಿಯೊಲೇಟಾ ಎಂದು ಕರೆಯುತ್ತಾರೆ. ತಮಿಳಿನಲ್ಲಿಯೂ ಇದರ ಹೆಸರಿಗೆ ‘ಆಡು ತೀಂಡದ್ದು’ ಎಂಬ ಅರ್ಥವೇ ಇರುವುದು ಗಮನಾರ್ಹ. ಕೆಲವು ಕಡೆ ಇದೇ ಹೆಸರು ಬೇರೊಂದು ಬಳ್ಳಿಗೂ ಸಲ್ಲುತ್ತದೆ, ಅದೂ ವಿಷಯುಕ್ತವಾದುದೇ. ಹೆಸರು ಒಂದೇ ಗಿಡಕ್ಕೆ ಅಂಟಿಕೊಂಡಿಲ್ಲದಿರಬಹುದು, ಆದರೆ ಅದರ ಹಿಂದಿನ ಅವಲೋಕನ ಎಲ್ಲಿಯೂ ತಪ್ಪಿಲ್ಲ.

ಆಡು ಮುಟ್ಟದ ಈ ಎಲೆಯನ್ನು ಒಂದು ಜೀವಿ ಮಾತ್ರ ಹುಡುಕಿಕೊಂಡು ಬರುತ್ತದೆ. ಕಪ್ಪು ರೆಕ್ಕೆ, ಕೆಂಪು ಮೈಯ, ಇಂಗ್ಲಿಷಿನಲ್ಲಿ ಕಾಮನ್ ರೋಸ್ ಮತ್ತು ಕ್ರಿಮ್ಸನ್ ರೋಸ್ ಎಂದು ಕರೆಯುವ ಎರಡು ಜಾತಿಯ ಚಿಟ್ಟೆಗಳು ಈ ಕುಲದ ಸಸ್ಯಗಳ ಮೇಲೆಯೇ ಮೊಟ್ಟೆಯಿಡುತ್ತವೆ. ಅವುಗಳ ಮರಿಹುಳುಗಳು ಎಲೆಯೊಡನೆ ಅದರ ವಿಷವನ್ನೂ ಮೈಗೂಡಿಸಿಕೊಂಡು, ರೆಕ್ಕೆ ಬಂದ ಮೇಲೆಯೂ ಹಕ್ಕಿಗಳಿಗೆ ರುಚಿಸದವಾಗಿ ಉಳಿಯುತ್ತವೆ. ವಿಷವಿಲ್ಲದ ಮತ್ತೊಂದು ಜಾತಿಯ ಹೆಣ್ಣು ಚಿಟ್ಟೆ ಇವುಗಳ ವೇಷ ತೊಟ್ಟು ಹಕ್ಕಿಗಳನ್ನು ವಂಚಿಸುತ್ತದೆ. ಉತ್ತರ ಕರ್ನಾಟಕದ ಹಗಲುವೇಷದವರಿಗೆ ಇದಕ್ಕಿಂತ ಹಳೆಯ ಪೂರ್ವಜರು ಸಿಗಲಾರರು. (ಈ ಗಿಡವನ್ನು ಜಂತುಹುಳುವಿಗೆ ಔಷಧಿಯಾಗಿ ಬಳಸುವ ರೂಢಿಯೂ ಇತ್ತು. ಈ ಕುಲದ ಸಸ್ಯಗಳಲ್ಲಿರುವ ಆಮ್ಲವು ಮೂತ್ರಪಿಂಡಕ್ಕೆ ಮಾರಕವೆಂಬುದು ಇಂದು ಖಚಿತವಾಗಿರುವುದರಿಂದ ಆ ರೂಢಿಯನ್ನು ದಾಖಲಿಸಬೇಕೇ ಹೊರತು ಪ್ರಚಾರ ಮಾಡಬಾರದು.)

ಒಂದು ಪ್ರದೇಶದಿಂದ ಚಿಟ್ಟೆಯೊಂದು ಅಳಿದುಹೋದ ಮೇಲೆ ಅದರ ನೆಲೆಯನ್ನು ಸರಿಪಡಿಸಿ, ಬೇರೆಡೆಯಿಂದ ತಂದು ಮರಳಿ ನೆಲೆಗೊಳಿಸುವ ಪ್ರಯತ್ನಗಳು ಕಳೆದ ಒಂದು ಶತಮಾನದಲ್ಲಿ ಜಗತ್ತಿನ ಹಲವೆಡೆ ನಡೆದಿವೆ. ಇದು ಪೂರ್ಣವಾಗಿ ಜೀವವಿಜ್ಞಾನಿಗಳ ಕಾರ್ಯಕ್ಷೇತ್ರವೆಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಈ ಪ್ರಯತ್ನಗಳ ಸೋಲು ಗೆಲುವುಗಳನ್ನು ಪರಿಶೀಲಿಸಿದರೆ, ಅವುಗಳ ತಿರುಳಿನಲ್ಲಿ ಮನುಷ್ಯರ ದುಡಿಮೆಯ ಕ್ರಮವೊಂದು ಅಡಗಿರುವುದು ಕಾಣುತ್ತದೆ: ಯಾರು ಎಲ್ಲಿ ದನ ಕುರಿ ಮೇಯಿಸಿದರು, ಯಾವ ಕಳೆಯನ್ನು ಕಿತ್ತರು, ಯಾವುದನ್ನು ಬಿಟ್ಟರು ಎಂಬುದು. ಯಾದಗಿರಿ, ಶಹಾಪುರ, ಸುರಪುರಗಳಂಥ ಬಯಲುಸೀಮೆಯಲ್ಲಿ ಈ ವಿಷಯದ ದಾಖಲೆ ಇರುವುದು ಕುರಿಗಾರರ ಹಾಗೂ ಹೊಲದಲ್ಲಿ ದುಡಿಯುವ ಹೆಣ್ಣುಮಕ್ಕಳ ಮಾತಿನಲ್ಲಿ. ಆದ್ದರಿಂದ ಜಾನಪದ ಅಧ್ಯಯನಕ್ಕೆ ಇಲ್ಲಿ ಒಂದು ನಿರ್ದಿಷ್ಟವಾದ ಪಾತ್ರವಿದೆ.

ಈ ಕ್ಷೇತ್ರದ ಅತ್ಯಂತ ಪ್ರಸಿದ್ಧ ನಿದರ್ಶನ ಇಂಗ್ಲೆಂಡಿನ ಲಾರ್ಜ್ ಬ್ಲೂ ಎಂಬ ನೀಲಿ ಚಿಟ್ಟೆಯದು. ಈ ಚಿಟ್ಟೆಯು ಥೈಮ್ ಎಂಬ, ನಮ್ಮ ತುಳಸಿಯ ಕುಟುಂಬಕ್ಕೆ ಸೇರಿದ ಪುಟ್ಟ ಗಿಡದ ಮೊಗ್ಗಿನ ಮೇಲೆ ಮೊಟ್ಟೆಯಿಡುತ್ತದೆ. ಮರಿಹುಳು ಎರಡು ಮೂರು ವಾರ ಹೂವನ್ನು ತಿಂದು ನೆಲಕ್ಕೆ ಬೀಳುತ್ತದೆ. ಅಲ್ಲಿ ಅದು ತನ್ನ ಮೈಯಿಂದ ಸ್ರವಿಸುವ ಸಿಹಿರಸದಿಂದಲೂ ಗಂಧದಿಂದಲೂ ಕೆಂಪಿರುವೆಯೊಂದನ್ನು ಮರುಳುಗೊಳಿಸಿ, ತಾನೂ ಅದರ ಮರಿಯೇ ಎಂಬ ಭ್ರಮೆ ಹುಟ್ಟಿಸುತ್ತದೆ. ಇರುವೆ ಅದನ್ನು ಗೂಡಿಗೆ ಹೊತ್ತೊಯ್ಯುತ್ತದೆ. ಗೂಡಿನ ಒಳಗೆ ಹೆಚ್ಚು ಕಡಿಮೆ ಹತ್ತು ತಿಂಗಳು ಇರುವೆಯ ಮರಿಗಳನ್ನೇ ತಿಂದು ಬೆಳೆದ ಹುಳು, ಮುಂದಿನ ಬೇಸಿಗೆಯಲ್ಲಿ ಚಿಟ್ಟೆಯಾಗಿ ಹೊರಬರುತ್ತದೆ. ಇರುವೆಯ ಈ ಸಂಬಂಧ ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಗೊತ್ತಾಗಿತ್ತು. ಆದರೂ ಚಿಟ್ಟೆ ವರ್ಷ ವರ್ಷವೂ ಕಡಿಮೆಯಾಗುತ್ತಲೇ ಹೋಯಿತು. ಸಂಗ್ರಹಕಾರರು ಚಿಟ್ಟೆಗಳನ್ನು ಹಿಡಿದೊಯ್ಯುವುದೇ ಇದಕ್ಕೆ ಕಾರಣವೆಂದು ಭಾವಿಸಿ ಅದರ ನೆಲೆಗಳಿಗೆ ಬೇಲಿ ಹಾಕಿದರು. ಬೇಲಿಯು ಸಂಗ್ರಹಕಾರರನ್ನು ತಡೆಯಿತು. ಅವರ ಜೊತೆಗೆ ದನ ಕುರಿಗಳನ್ನೂ ತಡೆಯಿತು.

೧೯೭೨ರಿಂದ ಈ ಚಿಟ್ಟೆಯ ಅಧ್ಯಯನಕ್ಕೆ ತೊಡಗಿದ ಜೆರೆಮಿ ಥಾಮಸ್ ಎಂಬ ವಿಜ್ಞಾನಿ ಕಂಡುಕೊಂಡ ಸತ್ಯ ಸರಳವಾಗಿತ್ತು. ಹಲವು ಜಾತಿಯ ಕೆಂಪಿರುವೆಗಳು ಮರಿಹುಳುವನ್ನು ಗೂಡಿಗೆ ಒಯ್ದರೂ ಒಂದು ಜಾತಿಯ ಗೂಡಿನಲ್ಲಿ ಮಾತ್ರ ಅದು ಚೆನ್ನಾಗಿ ಬದುಕುತ್ತದೆ. ಆ ಇರುವೆಗೆ ಬಿಸಿಲು ತಾಗುವ ಬೆಚ್ಚನೆಯ ನೆಲ ಬೇಕು. ಹುಲ್ಲು ಎರಡು ಮೂರು ಬೆರಳಿಗಿಂತ ಎತ್ತರ ಬೆಳೆದರೆ ನೆಲ ತಂಪಾಗಿ ಇರುವೆ ಜಾಗ ಬಿಡುತ್ತದೆ. ೧೯೫೩ರಲ್ಲಿ ಬ್ರಿಟನ್ನಿಗೆ ಬಂದ ಮಿಕ್ಸೊಮಟೋಸಿಸ್ ಎಂಬ ರೋಗ ಮೊಲಗಳನ್ನು ಕೊಂದಿತ್ತು. ಬಡ ಹುಲ್ಲುಗುಡ್ಡಗಳಲ್ಲಿ ಮೇಯಿಸುವುದು ಲಾಭಕರವಲ್ಲವೆಂದು ರೈತರು ಕೈಬಿಟ್ಟಿದ್ದರು. ಹುಲ್ಲು ಬೆಳೆಯಿತು, ಇರುವೆ ಹೋಯಿತು, ಚಿಟ್ಟೆ ಅಳಿಯಿತು. ಕಾರಣ ತಿಳಿಯುವ ವೇಳೆಗೆ ಕಾಲ ಮೀರಿತ್ತು. ೧೯೭೯ರಲ್ಲಿ ಡೆವನ್ ಪ್ರಾಂತದ ಡಾರ್ಟ್‌ಮೂರಿನಲ್ಲಿದ್ದ ಕೊನೆಯ ನೆಲೆಯೂ ಇಲ್ಲವಾಯಿತು. ಆಮೇಲೆ ಮೇಯಿಸುವಿಕೆಯನ್ನು ಮರಳಿ ತಂದು, ಇರುವೆ ನೆಲೆನಿಂತದ್ದನ್ನು ಖಚಿತಪಡಿಸಿಕೊಂಡು, ೧೯೮೩ರಿಂದ ಸ್ವೀಡನ್ನಿನ ಓಲಂಡ್ ದ್ವೀಪದ ಸಂತತಿಯನ್ನು ತಂದು ಬಿಡಲಾಯಿತು. ಆ ಕಾರ್ಯ ಇನ್ನೂ ಮುಂದುವರಿದಿದೆ. ಗ್ಲಾಸ್ಟರ್‌ಶೈರಿನ ರಾಡ್‌ಬರೋ ಎಂಬ ಸಾರ್ವಜನಿಕ ಹುಲ್ಲುಗಾವಲಿನಲ್ಲಿ ಸುಮಾರು ೧೫೦ ವರ್ಷಗಳಿಂದ ಈ ಚಿಟ್ಟೆ ಇರಲಿಲ್ಲ. ಅಲ್ಲಿ ಐದು ವರ್ಷಗಳ ಸಿದ್ಧತೆಯ ನಂತರ ೨೦೧೯ರಲ್ಲಿ ೧,೧೦೦ ಮರಿಹುಳುಗಳನ್ನು ಬಿಟ್ಟಾಗ, ಮರುವರ್ಷ ಸುಮಾರು ೭೫೦ ಚಿಟ್ಟೆಗಳು ಹಾರಿದವು. ಐದು ವರ್ಷಗಳ ಆ ಸಿದ್ಧತೆಯಲ್ಲಿ ಮುಖ್ಯವಾದದ್ದು ದನ ಮೇಯಿಸುವುದನ್ನು ಕ್ರಮಕ್ಕೆ ತಂದದ್ದು.

ಸೋಲಿನ ನಿದರ್ಶನವೂ ಅದೇ ನಾಡಿನದು. ಲಾರ್ಜ್ ಕಾಪರ್ ಎಂಬ ತಾಮ್ರವರ್ಣದ ಚಿಟ್ಟೆ ಜವುಗು ಭೂಮಿಗಳನ್ನು ಬಸಿದು ಬೇಸಾಯಕ್ಕೆ ತಂದದ್ದರಿಂದ ಹತ್ತೊಂಬತ್ತನೆಯ ಶತಮಾನದ ನಡುವೆ ಅಲ್ಲಿಂದ ಅಳಿಯಿತು. ೧೯೨೭ರಲ್ಲಿ ಅದರ ಡಚ್ ತಳಿಯನ್ನು ತಂದು ವುಡ್‌ವಾಲ್ಟನ್ ಎಂಬ ಜವುಗಿನಲ್ಲಿ ಬಿಟ್ಟರು. ಹಲವು ದಶಕಗಳ ಕಾಲ ಅದನ್ನು ಸಾಕಿ ಸಲಹಿ ಮತ್ತೆ ಮತ್ತೆ ಬಿಡಬೇಕಾಯಿತು. ಕೊನೆಗೂ ಅದು ಸ್ವಂತ ಬಲದಿಂದ ಉಳಿಯಲಿಲ್ಲ. ಸಂರಕ್ಷಿಸಿದ ಜಾಗ ಚಿಕ್ಕದಾಗಿತ್ತು, ಸುತ್ತಲಿನ ಜವುಗು ಮರಳಿ ಬಂದಿರಲಿಲ್ಲ. ಎರಡೂ ನಿದರ್ಶನಗಳಲ್ಲಿ ಕೀಟವನ್ನು ತರುವುದು ಕಷ್ಟದ ಕೆಲಸವಾಗಿರಲಿಲ್ಲ. ಮದುವೆ ಸಮಾರಂಭಗಳಲ್ಲಿ ಪೆಟ್ಟಿಗೆ ತೆರೆದು ಚಿಟ್ಟೆ ಹಾರಿಬಿಡುವವರೂ ಆ ಕೆಲಸ ಮಾಡುತ್ತಾರೆ.

ಈ ಹಿನ್ನೆಲೆಯಲ್ಲಿ ಕೃಷ್ಣಾ ಮತ್ತು ಭೀಮಾ ನದಿಗಳ ನಡುವಿನ, ಭೀಮೆಯ ಆಚೆಗೂ ಚಾಚಿಕೊಂಡ ಯಾದಗಿರಿ ಸೀಮೆಯನ್ನು ನೋಡಬೇಕು. ಕಲಬುರಗಿಯಿಂದ ಬೇರ್ಪಟ್ಟು ರಾಜ್ಯದ ೩೦ನೆಯ ಜಿಲ್ಲೆಯಾದಾಗ ಇದರಲ್ಲಿದ್ದುದು ಯಾದಗಿರಿ, ಶಹಾಪುರ, ಸುರಪುರ ಎಂಬ ಮೂರೇ ತಾಲ್ಲೂಕುಗಳು. ಗುರುಮಠಕಲ್, ವಡಗೇರಾ, ಹುಣಸಗಿಗಳು ಆಮೇಲೆ ಸೇರಿದವು. ಎರೆ ಮತ್ತು ಮಸಾರಿ ಹೊಲಗಳು, ಅವುಗಳ ನಡುವೆ ಏಳುವ ಬೆಣಚುಗಲ್ಲಿನ ಗುಡ್ಡಗಳು, ಗುಡ್ಡದ ಬುಡದ ಹಳ್ಳಗಳು, ಊರಿನ ಸುತ್ತಲಿನ ಗಾಯರಾಣ ಇವು ಇಲ್ಲಿಯ ನೆಲದ ಮುಖ್ಯ ಲಕ್ಷಣಗಳು. ಶಹಾಪುರದ ಬೆಟ್ಟಸಾಲು ದೂರದಿಂದ ಮಲಗಿದ ಬುದ್ಧನಂತೆ ಕಾಣುವುದೆಂದು ಪ್ರವಾಸಿಗರು ಮೆಚ್ಚುತ್ತಾರೆ. ಕುರಿಗಾರನಿಗೆ ಆ ಬೆಟ್ಟ ಮಳೆಗಾಲದ ಮೇವು, ಬೇಸಿಗೆಯ ನೆರಳು.

೧೯೮೨ರಲ್ಲಿ ನಾರಾಯಣಪುರದ ಬಸವಸಾಗರ ಜಲಾಶಯ ಪೂರ್ಣಗೊಂಡು ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಸುರಪುರ ಮತ್ತು ಶಹಾಪುರಗಳ ಬೇಸಾಯ ಬೇರೆಯೇ ರೂಪ ತಳೆಯಿತು. ಜೋಳ, ಸಜ್ಜೆ, ತೊಗರಿಗಳ ಜಾಗದಲ್ಲಿ ಭತ್ತ ಮತ್ತು ಹತ್ತಿ ಹರಡಿದವು. ಬಡತನದ ಸೀಮೆಗೆ ನೀರು ಬಂದದ್ದನ್ನು ಯಾರೂ ಅಲ್ಲಗಳೆಯಲಾಗದು. ಅಂಥ ಲೇಖನಗಳನ್ನು ನೀರಿನ ಕೊರತೆ ಅರಿಯದವರು ಮಾತ್ರ ಬರೆದಾರು. ಆದರೆ ಬದುಗಳು ಕಿರಿದಾದವು, ಬೀಳು ಬಿಡುವ ರೂಢಿ ನಿಂತಿತು, ಕಳೆನಾಶಕ ಬಂದಿತು. ಕಾಲುವೆ ಮುಟ್ಟದ ಗಾಯರಾಣಗಳಲ್ಲಿ ಬಳ್ಳಾರಿ ಜಾಲಿ ಹಬ್ಬಿತು. ಚಿಟ್ಟೆಗಳ ದೃಷ್ಟಿಯಿಂದ ಈ ಬದಲಾವಣೆಗಳೆಲ್ಲವೂ ಒಂದೇ ದಿಕ್ಕಿನಲ್ಲಿವೆ: ಮರಿಹುಳು ತಿನ್ನುವ ಗಿಡಗಳು ಹೊಲದ ಅಂಚಿನಿಂದ ಹಿಂದೆ ಸರಿಯುತ್ತಿವೆ.

ಇಲ್ಲಿ ಭಾಷೆಯ ಒಂದು ಸಂಗತಿಯನ್ನು ಗಮನಿಸಬೇಕು. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಚಿಟ್ಟೆಗೆ ‘ಪಾತರಗಿತ್ತಿ’ ಎನ್ನುತ್ತಾರೆ. ಬೇಂದ್ರೆಯವರ ‘ಪಾತರಗಿತ್ತಿ ಪಕ್ಕ’ ಕವಿತೆಯಿಂದ ಈ ಪದ ನಾಡಿಗೆಲ್ಲ ಪರಿಚಿತವಾಯಿತು. ಪಾತರ ಎಂದರೆ ಕುಣಿತದ ಹೆಣ್ಣು. ಈ ಸುಂದರವಾದ ಪದ ಎಲ್ಲ ಜಾತಿಯ ಚಿಟ್ಟೆಗಳಿಗೂ ಒಂದೇ. ಆದರೆ ಅದರ ಮರಿಹುಳುವಿಗೆ ಬಳಸುವ ಪದಗಳು ಬೇರೆ: ರೋಮವಿದ್ದರೆ ಕಂಬಳಿಹುಳ, ಬೆಳೆ ತಿಂದರೆ ಕೀಡಿ. ಕೀಡಿಗೂ ಪಾತರಗಿತ್ತಿಗೂ ಆಡುಮಾತು ಯಾವ ನಂಟನ್ನೂ ಕಲ್ಪಿಸಿಲ್ಲ. ಹತ್ತಿಯ ಸೀಮೆಯಲ್ಲಿ ಕೀಡಿ ಎಂದರೆ ಸಾಲ, ಔಷಧಿ ಅಂಗಡಿಯ ಬಾಕಿ. ಹತ್ತಿಯ ಕಾಯಿ ಕೊರೆಯುವ ಹುಳು ಪತಂಗದ ಮರಿಯೇ ಹೊರತು ಚಿಟ್ಟೆಯದಲ್ಲ, ಆದರೆ ಸಿಂಪಡಿಸುವ ಔಷಧಿ ಈ ಭೇದವನ್ನು ಅರಿಯದು. ಜನಪದರ ಜ್ಞಾನವು ಸದಾ ಪ್ರಕೃತಿಪರವಾದುದೆಂದು ಸಾರುವ ಬರಹಗಳು ಇಂಥ ಕಡೆಗಳಲ್ಲಿ ಎಡವುತ್ತವೆ. ಜನಪದರು ಗಿಡವನ್ನು ಕೂಲಂಕಷವಾಗಿ ಬಲ್ಲರು. ಚಿಟ್ಟೆಯ ಬಗ್ಗೆ ಅವರ ತಿಳಿವಳಿಕೆ ಅಷ್ಟು ಆಳವಾದುದಲ್ಲ. ಚಿಟ್ಟೆಯನ್ನು ಮರಳಿ ತರುವ ಕಾರ್ಯಕ್ಕೆ ಬೇಕಾದುದು ಮುಖ್ಯವಾಗಿ ಆ ಗಿಡದ ತಿಳಿವಳಿಕೆಯೇ ಎಂಬುದು ಸಮಾಧಾನದ ವಿಷಯ.

ಎಕ್ಕೆಯ ಗಿಡವನ್ನು ನೋಡೋಣ. ಇದರ ಎಲೆಯ ಹಾರ ಶನಿವಾರ ಹನುಮಂತದೇವರಿಗೆ ಸಲ್ಲುತ್ತದೆ. ಮೂರನೆಯ ಮದುವೆಯಾಗುವ ಗಂಡಿಗೆ ಮೊದಲು ಎಕ್ಕೆಯ ಗಿಡದೊಡನೆ ಮದುವೆ ಮಾಡಿಸುವ ಆಚರಣೆಯೂ ಕರ್ನಾಟಕದಲ್ಲಿ ಪ್ರಸಿದ್ಧವಾಗಿದೆ. ಕೇಸರಿ ಬಣ್ಣದ, ಕಪ್ಪು ಅಂಚಿನ ಪ್ಲೇನ್ ಟೈಗರ್ ಎಂಬ ಚಿಟ್ಟೆಯ ಮರಿಗಳಿಗೆ ಇದು ಮುಖ್ಯ ಆಹಾರ. ಆ ಚಿಟ್ಟೆ ಇಂದಿಗೂ ಎಲ್ಲೆಡೆ ಹೇರಳವಾಗಿದೆ. ಇದಕ್ಕೆ ಧಾರ್ಮಿಕ ಶ್ರದ್ಧೆಯೇ ಕಾರಣವೆಂದು ಹೇಳುವುದು ವಿದ್ವಾಂಸರ ಅಭ್ಯಾಸ. ವಾಸ್ತವವಾಗಿ ಎಕ್ಕೆಯನ್ನು ದನ ಕುರಿಗಳು ತಿನ್ನುವುದಿಲ್ಲ, ಅದು ಯಾರ ಆರೈಕೆಯೂ ಇಲ್ಲದೆ ರಸ್ತೆಯ ಬದಿಯಲ್ಲಿ ಬೆಳೆಯುತ್ತದೆ; ಶ್ರದ್ಧೆಯ ಪಾತ್ರ ಇದ್ದರೂ ಚಿಕ್ಕದು.

ಇದಕ್ಕೆ ವಿರುದ್ಧವಾದ ಸ್ಥಿತಿ ಗೋಣಿ ಸೊಪ್ಪಿನದು. ಗೋಳಿ ಪಲ್ಯವೆಂದೂ ಕರೆಯುವ ಈ ನೆಲಸೊಪ್ಪು ಹೊಲದಲ್ಲಿ ತಾನಾಗಿ ಹುಟ್ಟುತ್ತದೆ. ಕಳೆ ತೆಗೆಯಲು ಹೋದ ಹೆಣ್ಣುಮಕ್ಕಳು ಇದನ್ನು ಉಡಿಯಲ್ಲಿ ತುಂಬಿಕೊಂಡು ಬಂದು ಬೇಳೆಯೊಡನೆ ಬೇಯಿಸುತ್ತಾರೆ. ಕಳೆಯೇ ರಾತ್ರಿಯ ಪಲ್ಯವಾಗುವ ಈ ವ್ಯವಸ್ಥೆಯಲ್ಲಿ ಗಿಡವನ್ನು ಬುಡಸಮೇತ ನಿರ್ನಾಮ ಮಾಡುವ ಅಗತ್ಯ ಯಾರಿಗೂ ಇರಲಿಲ್ಲ. ಡನೇಯ್ಡ್ ಎಗ್‌ಫ್ಲೈ ಎಂಬ ಚಿಟ್ಟೆಯ ಮರಿಗಳು ಈ ಸೊಪ್ಪನ್ನು ತಿಂದು ಬೆಳೆಯುತ್ತವೆ. ಅದರ ಗಂಡು ಕಪ್ಪು ರೆಕ್ಕೆಯ ಮೇಲೆ ನೇರಳೆ ಅಂಚಿನ ಬಿಳಿ ಮಚ್ಚೆಗಳಿಂದ ಕೂಡಿದ್ದು, ಹೆಣ್ಣು ಮಾತ್ರ ಎಕ್ಕೆಯ ಚಿಟ್ಟೆಯ ವೇಷದಲ್ಲಿರುತ್ತದೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಈ ಚಿಟ್ಟೆಯನ್ನು ಹುಲಿಯಿರುವ ಮೊದಲ ಅನುಸೂಚಿಯಲ್ಲಿಯೇ ಬಹುಕಾಲ ಇರಿಸಿತ್ತು. ಅದನ್ನು ಹಿಡಿಯುವುದು ಅಪರಾಧ. ಅದರ ಸೊಪ್ಪಿಗೆ ಕಳೆನಾಶಕ ಸಿಂಪಡಿಸುವುದು ಬೇಸಾಯ. ಕಳೆ ತೆಗೆಯುವ ಕೂಲಿಯ ಕೆಲಸ ಇಲ್ಲವಾದಾಗ ಹೆಣ್ಣುಮಕ್ಕಳ ದಿನಗೂಲಿ, ಮನೆಯ ಪಲ್ಯ, ಚಿಟ್ಟೆಯ ಮೇವು ಮೂರೂ ಒಟ್ಟಿಗೆ ಹೋಗುತ್ತವೆ. ಈ ಮೂರನೆಯದರ ಲೆಕ್ಕವನ್ನು ಕಾಯಿದೆ ಇಟ್ಟಿದೆ, ಮೊದಲೆರಡರ ಲೆಕ್ಕವನ್ನು ಹೊಲದ ಹಾಡು ಮಾತುಗಳು ಮಾತ್ರ ಇಟ್ಟಿವೆ.

ಬಾರಿಯ ಗಿಡ, ತಂಗಡಿ, ಜಾಲಿ, ಬಿಲ್ಪತ್ರಿ ಇವುಗಳ ಬಗ್ಗೆಯೂ ಹೀಗೆಯೇ ವಿವರಿಸಬಹುದು. ಬಾರಿಯನ್ನು ಕಪ್ಪು ಬಿಳುಪು ಮಚ್ಚೆಯ ಪುಟ್ಟ ಚಿಟ್ಟೆಗಳೂ, ಬಿಲ್ವ ಮತ್ತು ನಿಂಬೆಯನ್ನು ಹಳದಿ ಕಪ್ಪಿನ ನಿಂಬೆ ಚಿಟ್ಟೆಯೂ, ತಂಗಡಿಯನ್ನು ಮಳೆಗಾಲದಲ್ಲಿ ಹಿಂಡಾಗಿ ವಲಸೆ ಹೋಗುವ ತಿಳಿಹಸಿರು ಬಿಳಿಯ ಚಿಟ್ಟೆಯೂ ಆಶ್ರಯಿಸಿವೆ. ತಂಗಡಿಯ ಹೂವು ಗಡಿಯಾಚೆಯ ತೆಲಂಗಾಣದಲ್ಲಿ ಬತುಕಮ್ಮ ಹಬ್ಬದ ಮುಖ್ಯ ಹೂವು, ಆ ರಾಜ್ಯದ ನಾಡಹೂವು ಕೂಡ.

ಮೇಯಿಸುವಿಕೆಯ ಪ್ರಶ್ನೆ ಇವೆಲ್ಲಕ್ಕಿಂತ ಜಟಿಲವಾದುದು. ಯಾದಗಿರಿ ಸೀಮೆಯ ಕುರುಬ ಸಮುದಾಯಕ್ಕೆ ಕುರಿ ಜೀವನಾಧಾರ. ಮೈಲಾಪುರದ ಮಲ್ಲಯ್ಯ ಅವರ ಆರಾಧ್ಯ ದೈವ. ಸಂಕ್ರಾಂತಿಯ ಅಲ್ಲಿಯ ಜಾತ್ರೆಯಲ್ಲಿ ಪಲ್ಲಕ್ಕಿಯ ಮೇಲೆ ಕುರಿಮರಿ ಎಸೆಯುವ ಹರಕೆಯನ್ನು ಜಿಲ್ಲಾಡಳಿತ ನಿಷೇಧಿಸಿರುವುದು ಪತ್ರಿಕೆಗಳ ಮೂಲಕ ಎಲ್ಲರಿಗೂ ಗೊತ್ತು. ಕುರಿ ಮತ್ತು ಭೂಮಿಯ ನಂಟು ಇದಕ್ಕಿಂತ ಕಡಿಮೆ ಪ್ರಚಾರದ, ಆದರೆ ಹೆಚ್ಚು ಮಹತ್ವದ ರೂಪಗಳಲ್ಲಿದೆ. ಸುಗ್ಗಿಯಾದ ಮೇಲೆ ಹೊಲದಲ್ಲಿ ಕುರಿ ತರುಬಿಸಿ ಗೊಬ್ಬರ ಪಡೆಯುವುದು, ಮಳೆ ಬಿದ್ದಾಗ ಹಿಂಡನ್ನು ಎರೆಯ ಕೆಸರಿನಿಂದ ಮಸಾರಿ ಮತ್ತು ಗುಡ್ಡದ ಕಡೆಗೆ ಹೊರಳಿಸುವುದು, ಒಂದೇ ಜಾಗದಲ್ಲಿ ಹೆಚ್ಚು ದಿನ ನಿಲ್ಲದಿರುವುದು ಇವು ಈ ವೃತ್ತಿಯ ನಿಯಮಗಳು. ಚಲಿಸುವ ಹಿಂಡು ಹುಲ್ಲನ್ನು ಕುಗ್ಗಿಸುತ್ತದೆ, ಬಯಲನ್ನು ಬಯಲಾಗಿ ಉಳಿಸುತ್ತದೆ, ವಿಷದ ಗಿಡವನ್ನು ಬಿಟ್ಟು ಮುಂದೆ ಸಾಗುತ್ತದೆ. ಆಡುಮುಟ್ಟದ ಗಿಡಕ್ಕೆ ಸುತ್ತಲಿನ ಪೈಪೋಟಿ ಕಡಿಮೆಯಾಗುವುದು ಹೀಗೆ.

ಆದರೆ ಬಳ್ಳಾರಿ ಜಾಲಿಯನ್ನು ಹಬ್ಬಿಸಿದ್ದೂ ಅದೇ ಹಿಂಡು. ಆ ಮರದ ಸಿಹಿಯಾದ ಕಾಯಿಯನ್ನು ಕುರಿ ಮೇಕೆಗಳು ಆಸೆಯಿಂದ ತಿನ್ನುತ್ತವೆ, ಬೀಜ ಹಿಕ್ಕೆಯೊಡನೆ ದೂರ ದೂರಕ್ಕೆ ಬಿದ್ದು ಮೊಳೆಯುತ್ತದೆ. ಒಮ್ಮೆ ಅದು ದಟ್ಟವಾಗಿ ಬೆಳೆದರೆ ಕೆಳಗೆ ಹುಲ್ಲೂ ಇಲ್ಲ, ಬೇರೆ ಗಿಡವೂ ಇಲ್ಲ. ಕುರಿಗಾರನಿಗೆ ಹಾದಿಯೂ ಇಲ್ಲ. ಸೌದೆಗೆಂದು ಇದನ್ನೇ ನಂಬಿದ ಬಡ ಕುಟುಂಬಗಳಿರುವುದರಿಂದ ಒಮ್ಮೆಲೇ ಕಿತ್ತೊಗೆಯಿರಿ ಎನ್ನುವುದೂ ಸುಲಭವಲ್ಲ.

ಇಂಥ ನೆಲವನ್ನು ಸರಿಪಡಿಸುವ ಯೋಜನೆಗಳು ಸಾಮಾನ್ಯವಾಗಿ ಎರಡು ಕೆಲಸಗಳಿಂದ ಆರಂಭವಾಗುತ್ತವೆ: ಬೇಲಿ ಹಾಕುವುದು, ಸಸಿ ನೆಡುವುದು. ದಾಖಲೆಯಲ್ಲಿ ಗಾಯರಾಣವು ‘ಬಂಜರು’ ಎಂದಿರುವುದರಿಂದ ಅಲ್ಲಿ ಏನೂ ಇಲ್ಲವೆಂಬ ಗ್ರಹಿಕೆ ಮೊದಲೇ ಇರುತ್ತದೆ. ಲಾರ್ಜ್ ಬ್ಲೂ ಚಿಟ್ಟೆಯ ನೆಲೆಗೆ ಬೇಲಿ ಹಾಕಿದವರೂ ಸದುದ್ದೇಶದವರೇ ಆಗಿದ್ದರು. ಬಯಲಿನ ಚಿಟ್ಟೆಗಳಿಗೆ ನೀಲಗಿರಿಯ ನೆಡುತೋಪು ಬಳ್ಳಾರಿ ಜಾಲಿಯಷ್ಟೇ ಅನ್ಯವಾದುದು. ಕುರಿಗಾರನನ್ನು ಹೊರಗಿಟ್ಟು ನಡೆಸುವ ಪುನರುಜ್ಜೀವನದಲ್ಲಿ ಅವನಿಗೆ ಮೇವು ನಷ್ಟ. ಮೇಯಿಸಿದ ನೆಲವನ್ನೇ ನಂಬಿದ ಜೀವಿಗಳಿಗೆ ನೆಲೆಯೇ ನಷ್ಟ.

ಆದುದರಿಂದ ಈ ಮೂರು ತಾಲ್ಲೂಕುಗಳಲ್ಲಿ ಚಿಟ್ಟೆಗಳನ್ನು ಮರಳಿ ತರುವ ಮಾತಿಗೆ ಮುಂಚೆ ಆಗಬೇಕಾದ ಕೆಲಸ ದಾಖಲಾತಿಯದು. ಯಾವ ಗಿಡ ಎಲ್ಲಿತ್ತು, ಯಾವಾಗಿನಿಂದ ಕಾಣೆಯಾಯಿತು, ಅದರ ಹೆಸರೇನು, ಕುರಿ ಅದನ್ನು ತಿನ್ನುತ್ತಿತ್ತೇ ಎಂಬ ಪ್ರಶ್ನೆಗಳಿಗೆ ಅರವತ್ತು ದಾಟಿದ ಕುರಿಗಾರರೂ ಸೊಪ್ಪು ಬಿಡಿಸಿದ ಅಜ್ಜಿಯರೂ ಉತ್ತರಿಸಬಲ್ಲರು. ಜಾನಪದ ಕ್ಷೇತ್ರಕಾರ್ಯದಲ್ಲಿ ಹಾಡು ಕಥೆಗಳಿಗೆ ಮೀಸಲಾದ ಧ್ವನಿಸುರುಳಿಗಳಲ್ಲಿ ಗಿಡದ ಹೆಸರುಗಳಿಗೆ ಸಿಕ್ಕ ಜಾಗ ಕಡಿಮೆ. ಸಿಕ್ಕಾಗಲೂ ಔಷಧಿಯ ಉಪಯೋಗವನ್ನು ಕೇಳಿ ಮುಂದೆ ಹೋದದ್ದೇ ಹೆಚ್ಚು. ದನ ಮುಟ್ಟದ ಗಿಡ ಯಾವುದೆಂದು ಕೇಳಿದವರು ವಿರಳ. ಸ್ಥಳೀಯ ಹೆಸರಿನೊಡನೆ ಗಿಡದ ಮಾದರಿಯನ್ನೂ ಸಂಗ್ರಹಿಸಿ ಸಸ್ಯಶಾಸ್ತ್ರಜ್ಞರಿಂದ ಗುರುತಿಸದಿದ್ದರೆ, ಮೇಲೆ ಕಂಡಂತೆ ಒಂದೇ ಹೆಸರು ಎರಡು ಗಿಡಗಳಿಗೆ ಸಲ್ಲುವ ಗೊಂದಲ ಉಳಿಯುತ್ತದೆ.

ಎಣಿಕೆಯ ವಿಧಾನವೂ ಇಲ್ಲಿಗೆ ಹೊಂದಬಲ್ಲದು. ಬ್ರಿಟನ್ನಿನಲ್ಲಿ ೧೯೭೬ರಿಂದ ನಡೆದುಬಂದ ಚಿಟ್ಟೆ ಗಣತಿಯಲ್ಲಿ ಸ್ವಯಂಸೇವಕರು ವಾರಕ್ಕೊಮ್ಮೆ ಗೊತ್ತಾದ ಒಂದೇ ಹಾದಿಯಲ್ಲಿ ನಡೆದು, ಕಂಡ ಚಿಟ್ಟೆಗಳನ್ನು ಬರೆದುಕೊಳ್ಳುತ್ತಾರೆ. ಗೊತ್ತಾದ ಹಾದಿಯಲ್ಲಿ ನಡೆಯುವುದು ಕುರಿಗಾರನಿಗೆ ನಿತ್ಯದ ಕೆಲಸ. ವಾರಗಳ ಬದಲು ಮಳೆಗಳ ಲೆಕ್ಕ ಅವನಿಗೆ ಹತ್ತಿರವಾದುದು: ಮಿರಗದ ಮಳೆಗೆ ಗುಡ್ಡದ ಬುಡದಲ್ಲಿ ಚಿಗುರು, ಮುಂದೆ ಒಂದೊಂದು ಮಳೆಗೂ ಒಂದೊಂದು ಗಿಡದ ಹೂವು. ಚಿಟ್ಟೆಗಳ ಸಂತತಿ ಹೆಚ್ಚುವುದೂ ಆ ಚಿಗುರನ್ನು ಅನುಸರಿಸಿಯೇ. ಮಿರಗದಿಂದ ಸ್ವಾತಿಯವರೆಗೆ ಮಳೆ ನಕ್ಷತ್ರವೊಂದಕ್ಕೆ ಒಂದು ಎಣಿಕೆಯಂತೆ, ಕಾಲುವೆಯ ಕೆಳಗಿನ ಒಂದು ಹಾದಿ, ಕಾಲುವೆಯ ಮೇಲಿನ ಒಂದು ಹಾದಿ, ಗುಡ್ಡದ ಒಂದು ಹಾದಿ ಎಂದು ಆರಿಸಿಕೊಂಡರೆ, ನಾಲ್ಕೈದು ವರ್ಷಗಳಲ್ಲಿ ಯಾವ ಚಿಟ್ಟೆ ಎಲ್ಲಿ ಉಳಿದಿದೆ, ಎಲ್ಲಿ ಇಲ್ಲ ಎಂಬುದರ ಚಿತ್ರ ದೊರೆಯುತ್ತದೆ. ತರುವ ಪ್ರಶ್ನೆ ಏಳುವುದು ಅಲ್ಲಿಂದಾಚೆಗೆ. ಅನೇಕ ಜಾತಿಗಳಿಗೆ ತರುವ ಅಗತ್ಯವೇ ಬೀಳಲಾರದು. ಬದುವಿನ ಮೇಲೆ ಆಡುಮುಟ್ಟದ ಗಿಡವನ್ನು ಕೀಳದೆ ಬಿಟ್ಟರೆ, ಹಾರಿಬರುವಷ್ಟು ದೂರದಲ್ಲಿ ಚಿಟ್ಟೆ ಇನ್ನೂ ಇದ್ದರೆ, ಅದು ತಾನಾಗಿಯೇ ಬಂದು ಎಲೆಯ ಮೇಲೆ ಮೊಟ್ಟೆಯಿಡುತ್ತದೆ.